ತಿಕ್ಕಬಾರದ ಗಂಟು

ಬೆಳಗಿನ ಪೂಜೆಗೆ ಕೂತಾಗ ಮಗಳು ಗೌರಿಯ ಕುತ್ತಿಗೆ ಬಾಗಲಿಲ್ಲ. ಅಂಗೈ ಮೇಲಿನ ಲಿಂಗಕ್ಕೆ ಹಣೆ ಹಚ್ಚಲು ಹೋದವಳು ಅರ್ಧಕ್ಕೇ ನಿಂತಳು.

"ಅವ್ವಾ, ಬಗ್ಗಾಕ ಬರವಲ್ದು."

ಆರು ವರ್ಷದ ಹುಡುಗಿ. ಆಟದಲ್ಲಿ ಉಳುಕಿರಬೇಕು ಅಂದುಕೊಂಡೆ. ಕೆಲವೇ ದಿನಗಳಲ್ಲಿ ಬೆನ್ನ ಮೇಲೆ ಗಂಟೆದ್ದಿತು. ಮುಟ್ಟಿದರೆ ಬಿಸಿ. ಸುರಪುರದಿಂದ ನಮ್ಮವ್ವ ಬಂದಳು. ಓಣಿಯ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ಎರೆದ ಕೈ ಅವಳದು.

"ಎಂಥಾ ಗಂಟಾದ್ರೂ ನನ್ನ ಕೈಯಾಗ ಕರಗ್ತದ" ಎಂದು ದಿನವೂ ಔಡಲೆಣ್ಣೆ ಕಾಯಿಸಿ ತಿಕ್ಕಿದಳು. ಗೌರಿ ಚೀರುತ್ತಿದ್ದಳು. ನಾನು ಅವಳ ಕೈ ಹಿಡಿದು ಕೂರುತ್ತಿದ್ದೆ.

ಗಂಟು ಕರಗಲಿಲ್ಲ. ಕಲ್ಲಾಯಿತು.

ಯಾದಗಿರಿಯಲ್ಲಿ ತೋರಿಸಿದಾಗ ಡಾಕ್ಟರಿಗೆ ಕ್ಯಾನ್ಸರ್ ಅನುಮಾನ ಬಂತು. ಚೂರು ಕತ್ತರಿಸಿ ಬಯಾಪ್ಸಿ ಮಾಡಿಸಿರೆಂದು ಕಲಬುರಗಿಗೆ ಬರೆದುಕೊಟ್ಟರು. ಶಹಾಪುರದ ಮನೆಯಿಂದ ಹೊರಡುವಾಗ ಮಗಳ ಹಣೆಗೆ ವಿಭೂತಿ ಹಚ್ಚಿ, ಕತ್ತರಿಯೊಂದು ತಪ್ಪಿಸಪ್ಪಾ ಶಿವನೇ ಎಂದು ಬೇಡಿಕೊಂಡೆ. ಅವ್ವನೂ ಜೊತೆಗೆ ಬಂದಳು.

ಕಲಬುರಗಿಯ ಡಾಕ್ಟರಮ್ಮ ಬೆನ್ನು ನೋಡಿದರು, ಒತ್ತಲಿಲ್ಲ. ಬೂಟು ತೆಗೆಸಿ ಪಾದ ನೋಡಿದರು. ಗೌರಿಯ ಎರಡೂ ಹೆಬ್ಬೆರಳು ಗಿಡ್ಡ, ಒಳಕ್ಕೆ ಸೊಟ್ಟ.

"ಇವು ಯಾವಾಗಿಂದ ಹಿಂಗವ?"

"ಹುಟ್ಟಿದಾಗಿಂದ್ರಿ ಮೇಡಂ. ನಮ್ಮತ್ತಿ ಲಕ್ಷ್ಮೀ ಬೆರಳು ಅಂತಾರ್ರಿ."

ಅವರು ನಗಲಿಲ್ಲ. "ಗಂಟು ತಿಕ್ಕೀರೇನು?"

"ಹೌದ್ರೀ ಯವ್ವಾ, ದಿನಾ" ಎಂದು ಅವ್ವ ಮುಂದೆ ಬಂದಳು.

"ಇನ್ನ ತಿಕ್ಕಬ್ಯಾಡ್ರಿ. ಕತ್ತರಿ ಬ್ಯಾಡ. ಮಾಂಸಕ್ಕ ಸೂಜಿನೂ ಬ್ಯಾಡ. ಪೆಟ್ಟಾದಲ್ಲಿ ಮಾಂಸ ಎಲುಬಾಗ್ತದ."

ಅವ್ವ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಜೆನೆಟಿಕ್ ಟೆಸ್ಟಿಗೆ ಬೇಕಾದದ್ದು ಬರೀ ಉಗುಳು. ಟ್ಯೂಬು ಹಿಡಿದು ಗೌರಿ ನಕ್ಕಳು: "ಉಗುಳಿದ್ರ ಬೈತಿದ್ದಿ, ಈಗ ನೀನೇ ಉಗುಳು ಅನ್ನಾಕತ್ತೀದಿ." ರಕ್ತವಿಲ್ಲ, ಹೊಲಿಗೆಯಿಲ್ಲ. ನಾನು ಬೇಡಿದ್ದನ್ನು ಶಿವ ಕೊಟ್ಟಿದ್ದ.

ಬೇಡಲು ಮರೆತದ್ದು ರಿಪೋರ್ಟಿನಲ್ಲಿ ಬಂತು. ಎಫ್‌ಒಪಿ: ಮಾಂಸ ಎಲುಬಾಗಿ ಒಂದೊಂದೇ ಕೀಲು ಬಿಗಿಯುತ್ತ ಹೋಗುವ ರೋಗ. ಗುಣಪಡಿಸುವ ಔಷಧಿ ಇಲ್ಲ. ಬಾವು ಬಂದಾಗ ಮಾತ್ರೆ ಕೊಡಬೇಕು, ಬೀಳದಂತೆ ಕಾಯಬೇಕು.

"ನಾ ತಿಕ್ಕಿದ್ದಕ್ಕ ಬಂತೇನ್ರಿ?" ಅವ್ವ ಕೇಳಿದಳು.

"ಇಲ್ಲ ಆಯಿ. ಹುಟ್ಟಿನಿಂದ ಬಂದದ್ದು."

ತಿಕ್ಕಿದ್ದರಿಂದ ಹೆಚ್ಚಾಯಿತೇ ಎಂದು ಅವಳು ಕೇಳಲಿಲ್ಲ. ಡಾಕ್ಟರಮ್ಮನೂ ಹೇಳಲಿಲ್ಲ.

ಈಗ ಕುತ್ತಿಗೆ ಬಾಗುವುದೇ ಇಲ್ಲ. ಗೌರಿ ನೆಟ್ಟಗೆ ಕೂತು ಲಿಂಗವನ್ನೇ ಹಣೆಯವರೆಗೆ ಎತ್ತಿಕೊಳ್ಳುತ್ತಾಳೆ. ಕೈ ಏಳುತ್ತದೆ. ಬಾಯಿ ತೆರೆಯುತ್ತದೆ, ರೊಟ್ಟಿ ಅಗಿಯುತ್ತಾಳೆ. ಇಷ್ಟು ಇರುವವರೆಗೆ ಇರಲಿ.

ಅವ್ವ ಅವಳ ಕೂದಲಿಗೆ ಮಾತ್ರ ಎಣ್ಣೆ ಹಚ್ಚುತ್ತಾಳೆ, ಬೆರಳ ತುದಿಯಿಂದ.

"ಆಯಿ, ಜೋರ ತಿಕ್ಕು" ಅನ್ನುತ್ತಾಳೆ ಗೌರಿ.

ಅವ್ವ ತಿಕ್ಕುವುದಿಲ್ಲ.