ಒಗ್ಗರಣೆಯ ಸದ್ದಿಗೆ ದಾರಿ ಸಿಕ್ಕಿದ ಸ್ತೋತ್ರ

ಕಲಿಸಿದವರಿಗೂ, ಕಲಿಸುತ್ತಿದ್ದೇವೆಂದು ಅರಿಯದೆಯೇ ಕಲಿಸಿದವರಿಗೂ, ಅನ್ನವಿಕ್ಕಿದ ಕೈಗಳಿಗೂ ಮೊದಲು ನಮಸ್ಕರಿಸಿ ಈ ನೆನಪನ್ನು ಬರೆಯತೊಡಗುತ್ತೇನೆ. ಮೊನ್ನೆ ಬೆಳಗ್ಗೆ ಕೆಳಗಿನ ಮನೆಯ ಕಿಟಕಿಯಿಂದ, ತೆಂಗಿನೆಣ್ಣೆಯಲ್ಲಿ ಸಾಸಿವೆ ಸಿಡಿದು ಇಂಗು ಅರಳಿದ ಪರಿಮಳ ಮೇಲೇರಿ ಬಂತು. ಕೈಯಲ್ಲಿದ್ದ ಹೂವನ್ನು ದೇವರಿಗೆ ಏರಿಸುವುದನ್ನೂ ಮರೆತು ನಿಂತುಬಿಟ್ಟೆ. ಎಪ್ಪತ್ತರ ದಶಕದ ಮೊದಲ ವರ್ಷಗಳ ಮುಂಬಯಿಯ ವಡಾಲದ ಚಾಳು, ಅದರ ಎರಡನೆಯ ಮಹಡಿಯ ನಮ್ಮ ಒಂದೂವರೆ ಕೋಣೆ, ಅಜ್ಜನ ಕಂಠ, ಎಲ್ಲವೂ ಆ ಒಂದು ಉಸಿರಿನಲ್ಲಿ ಬಂದು ಎದುರು ನಿಂತವು. ನನಗಾಗ ಒಂಬತ್ತು ವರ್ಷ.

ಮುಂಬಯಿಯ ಫೋರ್ಟ್ ಪ್ರದೇಶದ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾಗಿದ್ದ ಅಜ್ಜನ ನೆನಪು ವಿಚಿತ್ರವಾದುದು. ಉಡುಪಿ ಕಡೆಯಿಂದ ಹಡಗಿನಲ್ಲಿ ಮುಂಬಯಿಗೆ ಬಂದ ದಿನ ಪಕ್ಕದಲ್ಲಿ ಕುಳಿತಿದ್ದ ಅಪರಿಚಿತನ ಕೊಡೆಯ ಹಿಡಿಗೆ ಹಸುರು ದಾರ ಸುತ್ತಿತ್ತೆಂಬುದು ಅವರಿಗೆ ನೆನಪಿತ್ತು. ಮೊಮ್ಮಗಳಾದ ನನ್ನನ್ನು ಕರೆಯಲು ಮಾತ್ರ ಮೊದಲು ನನ್ನ ಇಬ್ಬರು ಅತ್ತೆಯರ ಹೆಸರನ್ನು ದಾಟಿ ಬರಬೇಕಾಗಿತ್ತು. ಪ್ರತಿದಿನ ಬೆಳಗ್ಗೆ ಅವರು ಮನೆದೇವರ ಸ್ತೋತ್ರವನ್ನು ಪುಸ್ತಕ ನೋಡದೆ ಹೇಳುತ್ತಿದ್ದರು. ಆ ಸ್ತೋತ್ರದಲ್ಲೊಂದು ಕವಲುದಾರಿಯಿತ್ತು. ಏಳನೆಯ ಶ್ಲೋಕದ ಕೊನೆಯ ಸಾಲೂ ಇಪ್ಪತ್ತೊಂದನೆಯದರ ಕೊನೆಯ ಸಾಲೂ ಒಂದೇ. ಇಪ್ಪತ್ತೊಂದನ್ನು ಮುಗಿಸಿದಾಗ ಎಚ್ಚರ ತಪ್ಪಿದರೆ ನಾಲಗೆ ತಾನಾಗಿ ಎಂಟನೆಯ ಶ್ಲೋಕಕ್ಕೆ ಜಾರಿ, ಹೇಳಿದ್ದನ್ನೇ ಮತ್ತೆ ಹೇಳಿಸುತ್ತದೆ. ಮನೆಯಲ್ಲಿ ಅಜ್ಜ ಒಮ್ಮೆಯೂ ಜಾರಿದವರಲ್ಲ. ಆದರೆ ಹಿಂದಿನ ವರ್ಷ ಚಾಳಿನ ಟೆರೇಸಿನಲ್ಲಿ ನಡೆದ ಕಾರ್ತಿಕದ ಪೂಜೆಯಲ್ಲಿ ಎರಡು ಸಲ ಜಾರಿದ್ದರು. ಮಾಟುಂಗದಿಂದ ಬೇರೆ ಪುರೋಹಿತರನ್ನು ಕರೆಸೋಣವೆಂದು ಕೆಲವರು ಆಡಿಕೊಂಡದ್ದು ಅವರ ಕಿವಿಗೂ ಬಿದ್ದಿತ್ತು.

ಆ ವರ್ಷದ ಪೂಜೆಯ ಸಂಜೆ ಶಲ್ಯ ಹೊದೆಯುತ್ತ ಅವರು ಅಜ್ಜಿಗೆ ಹೇಳಿದರು: "ಇವತ್ತೂ ತಪ್ಪಿದರೆ ನಾನಿನ್ನು ಟೆರೇಸು ಹತ್ತುವುದಿಲ್ಲ, ನೋಡು."

"ಹೆದರುವುದು ಎಂತಕ್ಕೆ? ದೇವರಿಗೇನು ಆಫೀಸಿಗೆ ಲೇಟಾಗುವುದುಂಟಾ?" ಎಂದರು ಅಜ್ಜಿ.

ಟೆರೇಸು ತುಂಬಿತ್ತು. ಬಾಡಿಗೆಯ ಅಡುಗೆಯವರು ಅಂಗಳದಲ್ಲಿ ಬೇಯಿಸಿ ತಂದಿಟ್ಟ ಪಾತ್ರೆಗಳ ಬಳಿ ಅಜ್ಜಿ ಕೋಸಂಬರಿ ಕಲಸುತ್ತಿದ್ದರು. ಅಜ್ಜನ ಕಂಠ ಗಂಭೀರವಾಗಿ ಸಾಗಿ, ಇಪ್ಪತ್ತೊಂದನ್ನು ಮುಗಿಸಿ, ಅಯ್ಯೋ, ಎಂಟಕ್ಕೆ ಜಾರಿತು. ಮತ್ತೆ ಇಪ್ಪತ್ತೊಂದಕ್ಕೆ ಬಂದು ಮತ್ತೆ ಜಾರಿತು. ಮಂಗಳಾರತಿಗೆ ಎದ್ದುನಿಂತವರು ಮೆಲ್ಲಗೆ ಕುಳಿತುಕೊಂಡರು. ಪಕ್ಕದ ಮನೆಯ ಶಿವಪ್ಪ ಮಾಮ ಧಾರವಾಡದ ಕಡೆಯವರು, ಬಂದರಿನಲ್ಲಿ ಕೆಲಸಕ್ಕಿದ್ದವರು. "ಅಜ್ಜಾರ ಗಾಡಿ ಕುರ್ಲಾ ಮುಟ್ಟವಲ್ದು, ತಿರುಗಿ ವಡಾಲಕ್ಕ ಬಂತ ನೋಡ್ರಿ!" ಎಂದು, ವಡಾಲ ದಾಟಿದ ಮೇಲೆ ಸಿಗುವ ರೈಲು ನಿಲ್ದಾಣದ ಹೆಸರು ಹಿಡಿದು, ಅವರು ಪಿಸುಗುಟ್ಟಿದಾಗ ಸುತ್ತಲಿನವರು ನಗು ನುಂಗಿಕೊಂಡರು. ಅಜ್ಜನ ಕಿವಿಗಳು ಕೆಂಪಾದವು. ತಾವು ಸುತ್ತುತ್ತಿರುವುದು ಅವರಿಗೂ ಗೊತ್ತಾಗಿತ್ತು. ಹೊರಬರುವ ದಾರಿ ಮಾತ್ರ ಕಾಣುತ್ತಿರಲಿಲ್ಲ. ನನಗೆ ಅಳು ಬಂತು.

ಆಗ, ಯಾರೋ ದೀಪ ಹಚ್ಚಿದಂತೆ, ಒಂದು ಸಂಗತಿ ಹೊಳೆಯಿತು. ಮನೆಯಲ್ಲಿ ಅಜ್ಜ ಇಪ್ಪತ್ತೊಂದನೆಯ ಶ್ಲೋಕವನ್ನು ಮುಗಿಸುವ ಹೊತ್ತಿಗೆ ಸರಿಯಾಗಿ, ಅಡುಗೆಮನೆಯಲ್ಲಿ ಅಜ್ಜಿ ನೈವೇದ್ಯದ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಆ 'ಚುಂಯ್' ಕೇಳಿದೊಡನೆ ಅಜ್ಜನ ದನಿ ಇಪ್ಪತ್ತೆರಡಕ್ಕೆ ನೆಗೆಯುತ್ತಿತ್ತು. ಟೆರೇಸಿನಲ್ಲಿ ಎಲ್ಲ ಇತ್ತು, ಅದೊಂದಿರಲಿಲ್ಲ.

ಓಡಿಹೋಗಿ ಅಜ್ಜಿಯ ಸೆರಗು ಹಿಡಿದೆ. "ಕೋಸಂಬರಿಗೆ ಈಗ ಒಗ್ಗರಣೆ ಹಾಕು, ಅಜ್ಜಿ!"

"ಈಗ ಎಂತಕ್ಕೆ ಮಾರಾಯ್ತಿ? ಅವರದ್ದು ಮುಗಿಯಲಿ."

"ಹಾಕದಿದ್ರೆ ಮುಗಿಯುದೇ ಇಲ್ಲ! ಅಜ್ಜ ದಿನಾ ಒಗ್ಗರಣೆ ಕೇಳಿಯೇ ಮುಂದೆ ಹೋಗುದು!"

ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿದರು. ಧೂಪಕ್ಕೆಂದು ಇಟ್ಟಿದ್ದ ಸಿಗಡಿ ಒಲೆಯ ಕೆಂಡದ ಮೇಲೆ ಎಣ್ಣೆಯ ಸೌಟನ್ನಿಟ್ಟರು. ನಾನು ಬೆರಳು ಮಡಿಸುತ್ತ ಶ್ಲೋಕಗಳನ್ನು ಎಣಿಸಿದೆ. ಹದಿನೆಂಟು. ಹತ್ತೊಂಬತ್ತು. ಸಾಸಿವೆ ಸಿಡಿಯಿತು. ಇಪ್ಪತ್ತೊಂದರ ಕೊನೆಯ ಅಕ್ಷರಕ್ಕೆ ಅಜ್ಜಿಯ ಮೊಣಕೈ ತಟ್ಟಿದೆ. ಚುಂಯ್! ಅಜ್ಜನ ಕಂಠ ಒಂದು ಕ್ಷಣ ನಿಂತಿತು. ಮರುಕ್ಷಣವೇ ಇಪ್ಪತ್ತೆರಡು ತುಂಬುದನಿಯಲ್ಲಿ ಹೊರಟಿತು. "ಕುರ್ಲಾ ಬಂತ್ರೀ!" ಎಂದು ಶಿವಪ್ಪ ಮಾಮ ಗಟ್ಟಿಯಾಗಿಯೇ ಕೂಗಿದರು. ಟೆರೇಸಿಗೆ ಟೆರೇಸೇ ನಕ್ಕಿತು. ಸ್ತೋತ್ರ ಮುಗಿದು ಮಂಗಳಾರತಿಯ ಘಂಟೆ ಮೊಳಗಿತು.

ಮರುದಿನ ಅಜ್ಜ ನನ್ನನ್ನು, ಅಪರೂಪಕ್ಕೆ ಒಂದೇ ಸಲಕ್ಕೆ ನನ್ನದೇ ಹೆಸರಿನಿಂದ, ಕರೆದು ಕೂರಿಸಿಕೊಂಡರು. "ನಿನಗೆ ಎಷ್ಟು ಬರುತ್ತದೆ? ಹೇಳು ನೋಡುವ." ಕೇಳಿ ಕೇಳಿಯೇ ಬಂದಿದ್ದುದನ್ನು ಮೊದಲಿನಿಂದ ಹೇಳಿದೆ. ಹದಿಮೂರನೆಯ ಶ್ಲೋಕದ ನಡುವೆ ನಿಂತು, ಅವರ ಹಾಗೆಯೇ "ಹ್ಹಂ" ಎಂದು ಗಂಟಲು ಸರಿಪಡಿಸಿಕೊಂಡು ಮುಂದುವರಿದೆ. ಅದೂ ಸ್ತೋತ್ರದ ಭಾಗವೆಂದೇ ನಾನು ನಂಬಿದ್ದೆ. ಅಜ್ಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದಲೇ ನನಗೆ ಸಂಸ್ಕೃತದ ಪಾಠ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಅವರು ಟೆರೇಸು ಹತ್ತಿದಾಗಲೆಲ್ಲ ಪಕ್ಕದಲ್ಲಿ ನಾನಿರುತ್ತಿದ್ದೆ.

ಆ ಚಾಳು ಈಗಿಲ್ಲ. ಅಜ್ಜ, ಅಜ್ಜಿ, ಶಿವಪ್ಪ ಮಾಮ ಯಾರೂ ಇಲ್ಲ. ನನ್ನ ಬಳಿ ಸ್ತೋತ್ರ ಕಲಿಯಲು ಬರುವ ಮಕ್ಕಳು ಅವರನ್ನು ಕಂಡವರಲ್ಲ. ಆದರೂ ಹದಿಮೂರನೆಯ ಶ್ಲೋಕದ ನಡುವೆ ಅಷ್ಟೂ ಮಕ್ಕಳು ಒಟ್ಟಿಗೆ "ಹ್ಹಂ" ಎನ್ನುತ್ತಾರೆ. ನಾನು ತಿದ್ದುವುದಿಲ್ಲ. ಅಂದು ಹಸಿದು ಕಾದವರಿಗೂ, ನಕ್ಕವರಿಗೂ, ಮಗುವಿನ ಮಾತು ನಂಬಿ ಎಣ್ಣೆ ಕಾಯಿಸಿದ ಆ ತಾಯಿಗೂ, ಹೇಳುತ್ತ ಹೇಳುತ್ತ ದಾರಿ ತಪ್ಪುವ ಎಲ್ಲ ನಾಲಗೆಗಳಿಗೂ ಭಗವಂತನು ಒಳಿತನ್ನೇ ಮಾಡಲಿ.