ಓಡೀಲಳ ರೆಪ್ಪೆ

ಕಾಂಬ್ರೆ ಊರಿನಲ್ಲಿ ಎವ್ರಾರ್ ಬೋಕೆಯ ಕುಂಚ ತಾಗದ ಜಾಗ ಕಡಿಮೆ. ಇಗರ್ಜಿಯ ಗೋಡೆಯ ಮೇಲಿನ ಸಂತ ಕನ್ಯೆ ಸೆಸಿಲ್, ಮಕ್ಕಳ ಕಥೆಪುಸ್ತಕದ ರಾಜಕುಮಾರಿ, ಸಮುದ್ರಸ್ನಾನಕ್ಕೆ ಬನ್ನಿ ಎಂದು ರೈಲು ನಿಲ್ದಾಣದಲ್ಲಿ ಕರೆಯುವ ಭಿತ್ತಿಪತ್ರದ ಹೆಣ್ಣು, ಚಿಕೋರಿ ಪೊಟ್ಟಣದ ಮೇಲೆ ಬಟ್ಟಲು ಹಿಡಿದು ನಗುವ ಹುಡುಗಿ, ಎಲ್ಲ ಅವನದೇ. ತಾನು ದೊಡ್ಡ ಕಲಾವಿದನೆಂಬ ಭ್ರಮೆ ಅವನಿಗಿರಲಿಲ್ಲ, ಕೇಳಿದ್ದನ್ನು ಬರೆದುಕೊಡುತ್ತಿದ್ದ. ಆದರೆ ಯಾರು ಏನೇ ಕೇಳಲಿ, ಬರೆಯುವ ಮುಖ ಒಂದೇ, ಮಗಳು ಓಡೀಲಳದು.

ಓಡೀಲಳ ಒಂದು ಕಣ್ಣಿನ ರೆಪ್ಪೆ ಹುಟ್ಟಿನಿಂದಲೇ ಅರ್ಧ ಇಳಿದಿತ್ತು. ನಕ್ಕರೆ ಇನ್ನಷ್ಟು ಇಳಿದು, ಏನೋ ಗುಟ್ಟು ಬಲ್ಲವಳ ಹಾಗೆ ಕಾಣುತ್ತಿದ್ದಳು. ಮೊದಲ ಪೊಟ್ಟಣದ ಚಿತ್ರ ನೋಡಿದ ಕಾರ್ಖಾನೆಯ ಯಜಮಾನ, ಈ ನಿದ್ದೆಗಣ್ಣಿನವಳನ್ನು ನೋಡಿ ಬೆಳಗಿನ ಕಾಫಿ ಯಾರು ಕುಡಿಯುತ್ತಾರೆ ಎಂದ. ಎವ್ರಾರ್ ಚಿತ್ರದ ರೆಪ್ಪೆ ಎತ್ತಿದ. ಆಮೇಲೆ ಎಲ್ಲ ಕಡೆಯೂ ಎತ್ತಿಯೇ ಬರೆದ. ಕೈಗೆ ಅದೇ ರೂಢಿಯಾಯಿತು.

ಹತ್ತು ತುಂಬುವ ಮೊದಲೇ ಗಂಟಲುಮಾರಿ ಅವಳನ್ನು ಒಯ್ದಿತು. ಮನೆಯಲ್ಲಿ ಒಂದು ಫೋಟೊ ಇರಲಿಲ್ಲ. ಮನೆಯಲ್ಲೇ ಬೆಣ್ಣೆ ಇರುವಾಗ ತುಪ್ಪಕ್ಕೆ ಊರೆಲ್ಲ ಯಾಕೆ ಅಲೆಯಬೇಕು ಎಂದು ಎವ್ರಾರ್ ಫೋಟೊದವನ ಮೆಟ್ಟಿಲು ಹತ್ತಿದವನೇ ಅಲ್ಲ. ಸತ್ತವಳನ್ನೇ ಮುದುಕನಾಗುವ ತನಕ ಪೊಟ್ಟಣಗಳಿಗೆ, ಪುಸ್ತಕಗಳಿಗೆ ಬರೆಯುತ್ತ ಹೋದ.

ಗೋರಿಯ ಮರದ ಶಿಲುಬೆ ಲಡ್ಡಾದಾಗ ಗಂಡಹೆಂಡಿರು ಕಲ್ಲು ನಿಲ್ಲಿಸಿದರು. ಸತ್ತವರ ಮುಖವನ್ನು ಪಿಂಗಾಣಿ ಬಿಲ್ಲೆಯ ಮೇಲೆ ಬರೆಸಿ ಕಲ್ಲಿನಲ್ಲಿ ಕೂರಿಸುವುದು ಅಲ್ಲಿನ ವಾಡಿಕೆ. ಕಲ್ಲುಕುಟಿಗ ಅದಕ್ಕೆಂದು ಮೊಟ್ಟೆಯಾಕಾರದ ಗುಳಿ ಬಿಟ್ಟಿದ್ದ.

"ಈ ಸಲ ನಮ್ಮ ಮಗೂನ ಬರಿ," ಎಂದಳು ಹೆಂಡತಿ ಝೆಲಿ. "ಕಾರ್ಖಾನೆಯವರ ಮಗೂನ ಅಲ್ಲ."

ಕೆನ್ನೆ ಬಂತು, ಕೂದಲು ಬಂತು. ಕಣ್ಣಿಗೆ ಬಂದಾಗ ಅವನ ಕೈ ನಿಂತಿತು.

"ಯಾವ ಕಣ್ಣು, ಝೆಲಿ?"

"ಎಡಗಣ್ಣು." ಆಲೂಗಡ್ಡೆ ಹೆರೆಯುತ್ತಿದ್ದವಳು ಚಾಕು ಕೆಳಗಿಟ್ಟಳು. "ತಡಿ. ಅವಳ ಎಡಗಡೆನೋ, ನಾನು ನೋಡೋವಾಗ ಎಡಗಡೆನೋ?"

ಅವನಿಗೆ ಬಲಗಣ್ಣೆಂದು ತೋರುತ್ತಿತ್ತು, ಖಚಿತವಿರಲಿಲ್ಲ. ಇಗರ್ಜಿಗೆ ಹೋಗಿ ನೋಡಿದ. ಹಳೆಯ ಪುಸ್ತಕಗಳನ್ನು ತೆಗೆದು ನೋಡಿದ. ಎಲ್ಲೆಲ್ಲೂ ಎರಡೂ ಕಣ್ಣು ಅಗಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಕೊನೆಗೆ ಓಡೀಲಳನ್ನು ಎತ್ತಿ ಆಡಿಸಿದ್ದ ಪಕ್ಕದ ಮನೆಯ ಫಿಲೊಮೆನ್ ಅಜ್ಜಿಯನ್ನು ಕೇಳಿದರು.

"ರೆಪ್ಪೆನಾ? ಯಾವ ರೆಪ್ಪೆ?" ಎಂದಳು ಅಜ್ಜಿ. "ಪೊಟ್ಟಣದ ಮೇಲಿರೋ ಹಾಗೇ ಇದ್ಲಲ್ಲ ನಿಮ್ಮ ಕೂಸು."

ಎಡಗಣ್ಣು ಇಳಿಸಿ ಬರೆದ, ಒರೆಸಿದ. ಬಲಗಣ್ಣು ಇಳಿಸಿ ಬರೆದ, ಅದನ್ನೂ ಒರೆಸಿದ. ಎರಡೂ ಯಾರದೋ ಮನೆಯ ಮಕ್ಕಳಾಗಿದ್ದವು. ಕಣ್ಣು ಮುಚ್ಚಿ ನೆನೆದರೆ ಬಟ್ಟಲು ಹಿಡಿದವಳೇ ಬಂದು ನಿಲ್ಲುತ್ತಿದ್ದಳು. ಸಾವು ಒಯ್ಯದೆ ಉಳಿಸಿದ್ದನ್ನು ತಾನೇ ಅಳಿಸಿದೆನೆಂದು ಅವನಿಗೆ ಅರ್ಥವಾಯಿತು. ಕುಂಚ ತೊಳೆದಿಟ್ಟ. ಊರಿಗೆಲ್ಲ ಬರೆದವನಿಗೆ ಸ್ವಂತ ಮಗಳನ್ನು ಬರೆಯಲು ಸೋಮಾರಿತನ ಎಂದು ಜನ ಆಡಿಕೊಂಡರು.

ಸತ್ತವರ ಹಬ್ಬದ ದಿನ ಇಬ್ಬರೂ ಸೇವಂತಿಗೆ ಕುಂಡ ಹಿಡಿದು ಗೋರಿಗೆ ಹೋದರು. ಕಲ್ಲಿನ ಗುಳಿ ಖಾಲಿ ಇರಲಿಲ್ಲ. ಪೊಟ್ಟಣದ ಹುಡುಗಿಯನ್ನು ಅಂದವಾಗಿ ಕತ್ತರಿಸಿ ಯಾರೋ ಅಂಟಿಸಿದ್ದರು. ಫಿಲೊಮೆನ್ ಅಜ್ಜಿಯಲ್ಲದೆ ಇನ್ನಾರು; ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಎವ್ರಾರ್ ಅದನ್ನು ಕೀಳಲು ಬಗ್ಗಿದ. ಝೆಲಿ ಅವನ ಕೈ ಹಿಡಿದಳು.

"ಬಿಡು. ಇವಳನ್ನೂ ಕಿತ್ರೆ ನಮಗೆ ಯಾರಿದಾರೆ?"

ಅವಳು ಶಾಲಿನ ಅಂಚಿನಿಂದ ಕಾಗದದ ಕೆನ್ನೆಯ ಮೇಲಿನ ಮಂಜು ಒರೆಸಿದಳು. ಅವನು ಕುಂಡವನ್ನು ಕಲ್ಲಿಗೆ ಒರಗಿಸಿಟ್ಟ. ಹುಡುಗಿ ಎರಡೂ ಕಣ್ಣು ಅಗಲ ತೆರೆದು ಅವನನ್ನು ನೋಡಿ ನಗುತ್ತಿದ್ದಳು. ಅವಳಿಗೆ ಅವನ ಗುರುತಿರಲಿಲ್ಲ.