ಅಣ್ಣನ ಐಸ್ ಪೆಟ್ಟಿಗೆ

ವರ್ತಕರ ಸಂಘದವರು ನನ್ನ ಅಣ್ಣ ಮುನಿರಾಜನಿಗೆ ಸನ್ಮಾನ ಮಾಡುತ್ತಾರಂತೆ. ಸ್ಮರಣ ಸಂಚಿಕೆಗೆ ಅವನ ಬದುಕಿನ ಬಗ್ಗೆ ಎರಡು ಪುಟ ಬರೆದುಕೊಡಿ, ನೀವು ಟೀಚರು, ಚೆನ್ನಾಗಿ ಬರೆಯುತ್ತೀರಿ ಎಂದು ಕಾರ್ಯದರ್ಶಿ ಸುಧಾಕರ್ ನಾನಿರುವ ದೂರದ ಹಟ್ಟಿ ಚಿನ್ನದ ಗಣಿ ಊರಿಗೆ ಫೋನ್ ಮಾಡಿದರು. ತಲೆಬರಹವನ್ನೂ ಅವರೇ ಕೊಟ್ಟರು: ಕುಟುಂಬಕ್ಕೂ ಸಮಾಜಕ್ಕೂ ಮುಡಿಪಾದ ಜೀವ. ನಾನು ಅಣ್ಣನ ಜೊತೆ ಮಾತು ಬಿಟ್ಟು ಏಳು ವರ್ಷವಾಯಿತು ಎಂದು ಇಡೀ ಕೆಜಿಎಫ್‌ಗೆ ಗೊತ್ತು, ಈ ಮಹಾಶಯರಿಗೆ ಮಾತ್ರ ಗೊತ್ತಿಲ್ಲ. ಆಗಲಿ, ಬರೆಯುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಬೇಕಾದರೆ ಅಚ್ಚು ಹಾಕಲಿ, ಬೇಡವಾದರೆ ಬೋಂಡ ಕಟ್ಟಲಿ.

ನಾವು ಕೆಜಿಎಫ್‌ನ ನಂದಿದುರ್ಗ ಗಣಿಯ ಕೂಲಿ ಲೈನ್ ಮನೆಯಲ್ಲಿ ಹುಟ್ಟಿದವರು. ಅಪ್ಪ ಗೋಪಾಲ್ ಗಣಿಯೊಳಗೆ ಬಂಡೆ ಸಿಡಿದು ಸತ್ತಾಗ ನನಗೆ ಹತ್ತು ವರ್ಷ, ಅಣ್ಣನಿಗೆ ಹದಿನೈದು. ಬಟ್ಟೆ ಸುತ್ತಿ ತಂದರು. ಮುಖ ನೋಡುವ ಸ್ಥಿತಿಯಲ್ಲಿಲ್ಲ ಎಂದು ಹಿರಿಯರು ಗಂಟು ಬಿಚ್ಚಲು ಬಿಡಲಿಲ್ಲ. ಅಮ್ಮ, ವೆಂಕಟರತ್ನಮ್ಮ, ಆಮೇಲೆ ಎಷ್ಟೋ ವರ್ಷ ಅಕ್ಕಿ ತೊಳೆಯುತ್ತಾ, ಬಟ್ಟೆ ಹಿಂಡುತ್ತಾ ಒಂದೇ ಮಾತು ಹೇಳುತ್ತಿದ್ದಳು. "ಮೊಕ ನೋಡ್ದೇನೆ ಕಳಿಸ್ಬಿಟ್ಟೆ." ನಾನು ಆ ಮಾತಿಗೆ ಕಿವಿ ಮುಚ್ಚಿಕೊಂಡೆ. ಅಣ್ಣ ಅದನ್ನು ಎದೆಗೆ ಹಾಕಿಕೊಂಡ.

ಅವನು ಸ್ಕೂಲು ಬಿಟ್ಟು ಬಂಗಾರಪೇಟೆಯ ಒಂದು ಶಾಮಿಯಾನ ಅಂಗಡಿಗೆ ಸೇರಿದ. ಬೆಳಿಗ್ಗೆ ಮಾರಿಕುಪ್ಪಂ ರೈಲನ್ನು ಊರಿಗಾಂನಲ್ಲಿ ಹತ್ತಿ ಹೋಗುತ್ತಿದ್ದ, ಸಂಜೆ ಅಂಗೈಯಲ್ಲಿ ಹಗ್ಗದ ಬರೆ ಹೊತ್ತು ಬರುತ್ತಿದ್ದ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಆರು ದಿನವೂ ಕೆಲಸಕ್ಕೆ ಚಕ್ಕರ್ ಹೊಡೆದು ಪರೀಕ್ಷಾ ಕೇಂದ್ರದ ಹೊರಗಿನ ಹುಣಸೆಮರದ ಕೆಳಗೆ ನೀರಿನ ಬಾಟಲಿ ಹಿಡಿದು ಕೂತಿದ್ದ. ನನ್ನ ಮದುವೆಗೆ ಇಡೀ ಲೈನಿಗೆ ಚಪ್ಪರ ಹಾಕಿದ. ಬೇರೆಯವರ ಗಂಟಿನ ಮೇಲೆ ನಂಬಿಕೆಯಿಲ್ಲದೆ ಒಂದೊಂದು ಕಂಬವನ್ನೂ ತಾನೇ ಬಿಗಿದ. ಇದೆಲ್ಲ ನಿಜ. ಇದೆಲ್ಲ ನಿಜವಾದ್ದರಿಂದಲೇ ನನಗೆ ಇಷ್ಟು ಕೋಪ.

ಆಮೇಲೆ ರಾಬರ್ಟ್‌ಸನ್‌ಪೇಟೆಯಲ್ಲಿ ಅವನದೇ ಟೆಂಟ್ ಹೌಸ್ ಆಯಿತು. ಮದುವೆ, ಸೀಮಂತಗಳಿಗೆ ಬಾಡಿಗೆ. ಸಾವಿನ ಮನೆಗೆ ಬಿಟ್ಟಿ. ಅಲ್ಲಿಂದ ಯಾರೂ ಬಂದು ಕೇಳಬೇಕಾಗಿರಲಿಲ್ಲ, ತಮಟೆ ಸದ್ದು ಕೇಳಿದರೆ ಇವನ ಕುರ್ಚಿಗಳು ಹೊರಟುಬಿಡುತ್ತಿದ್ದವು. ಕಾಲು ಮುರಿದ ಕುರ್ಚಿಗಳನ್ನು ನಾಚಿಕೆಯಿಲ್ಲದೆ ವಾಪಸು ತಂದು ಒಟ್ಟುತ್ತಿದ್ದವರು ಇದೇ ಊರಿನವರು.

ಗಣಿ ಮುಚ್ಚಿದ ಮೇಲೆ ನಮ್ಮ ಊರಿನಲ್ಲಿ ಯಾರೇ ಸತ್ತರೂ ದೂರದಿಂದ ಒಬ್ಬರಾದರೂ ಬರುವುದಿರುತ್ತದೆ. ಅದಕ್ಕೆಂದೇ ಅಣ್ಣ ಹೆಣ ಇಡುವ ಐಸ್ ಪೆಟ್ಟಿಗೆ ತಂದ. ಗಾಜಿನ ಮುಚ್ಚಳ, ಒಂದು ತುದಿಯಲ್ಲಿ ಮೋಟಾರು. ಅದಕ್ಕೂ ಬಾಡಿಗೆಯಿಲ್ಲ, ಆದರೆ ಒಂದು ನೇಮವಿತ್ತು. "ಒಂದು ಮನೆ ಒಸ್ಲು ದಾಟ್ತು ಅಂದ್ರೆ, ಮೊಕ ನೋಡೋರೆಲ್ಲ ನೋಡೋಗಂಟ ಪೆಟ್ಟಿಗೆ ಎತ್ತಲ್ಲ." ಒಮ್ಮೆ ದೊಡ್ಡ ಮನುಷ್ಯರೊಬ್ಬರ ಕಡೆಯವರು ಜೀಪಿನಲ್ಲಿ ಬಂದು ಹೆದರಿಸಿದರೂ ಎತ್ತಲಿಲ್ಲ. ಆಗ ನಾನೂ ಹೆಮ್ಮೆಪಟ್ಟಿದ್ದೆ. ದಡ್ಡಿ.

ಏಳು ವರ್ಷದ ಹಿಂದಿನ ಏಪ್ರಿಲ್. ಒಂದು ಬೆಳಿಗ್ಗೆ ಮಾರಿಕುಪ್ಪಂನಲ್ಲಿ ಕುಪ್ಪುಸ್ವಾಮಿ ಎನ್ನುವ ಹಳೆಯ ಗಣಿ ಕೆಲಸಗಾರ ತೀರಿಕೊಂಡ. ಅವನಿಗೆ ಒಬ್ಬಳೇ ಮಗಳು ಸುಮಿತಾ, ಮುಂಬೈಯಲ್ಲಿ ನರ್ಸು. ರೈಲು ಹತ್ತಿದ್ದಾಳೆ, ನಾಳೆ ಮಧ್ಯಾಹ್ನ ಬರುತ್ತಾಳೆ ಎಂದರು. ಪೆಟ್ಟಿಗೆ ಅಲ್ಲಿಗೆ ಹೋಯಿತು. ಅದೇ ದಿನ ಹನ್ನೊಂದು ಗಂಟೆಗೆ ನಮ್ಮ ಅಮ್ಮ ಹೋದಳು. ಕಿಡ್ನಿ ಕೆಟ್ಟು ಮೈಯೆಲ್ಲ ಊದಿಕೊಂಡಿತ್ತು.

ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ: ಹೊರಟಿದ್ದೇನೆ, ಬೆಳಿಗ್ಗೆ ಬಂದುಬಿಡುತ್ತೇನೆ, ಅಮ್ಮನನ್ನು ಇಟ್ಟುಕೊಂಡಿರು. ಅಣ್ಣ ಹೂಂ ವನೀ ಎಂದ. ಮೂರು ಗಂಟೆಯ ಬಸ್ಸು ಹತ್ತಿದೆ. ಬಂಗಾರಪೇಟೆಯ ಪೆಟ್ಟಿಗೆ ರಿಪೇರಿಯಲ್ಲಿತ್ತು, ಕೋಲಾರದ್ದು ಬೇರೆ ಊರಿಗೆ ಹೋಗಿತ್ತು. ಐಸ್ ಗಡ್ಡೆ ತಂದು ಸುತ್ತ ಜೋಡಿಸಿದರು, ಆ ಬಿಸಿಲಿಗೆ ಅದು ನೀರಾಗಿ ಹರಿಯಿತು. ನಾಲ್ಕು ಗಂಟೆಗೆ ಹಿರಿಯರು ಇನ್ನು ಇಡಬಾರದು ಎಂದರು. ಮಾರಿಕುಪ್ಪಂ ಎಷ್ಟು ದೂರ? ವ್ಯಾನಿನಲ್ಲಿ ಹತ್ತು ನಿಮಿಷ. ಅತ್ತಿಗೆ ಸುಮಲತ ಅಣ್ಣನ ಕಾಲು ಹಿಡಿದು ಬೇಡಿಕೊಂಡಳಂತೆ. ಅವನು ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತೇ ಇದ್ದನಂತೆ.

ಆರು ಗಂಟೆಗೆ ಅಮ್ಮನನ್ನು ಮಣ್ಣು ಮಾಡಿದರು. ನನ್ನ ಬಸ್ಸು ಇನ್ನೂ ಸಿರುಗುಪ್ಪ ದಾಟಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಹಸಿ ಮಣ್ಣಿನ ಗುಡ್ಡೆ, ಅದರ ಮೇಲೆ ಬಾಡಿದ ಚೆಂಡುಹೂವು. ನಾನು ತಂದಿದ್ದ ಹಾರವನ್ನು ಅಣ್ಣನ ಎದೆಗೆ ಬೀಸಿ ಹೊಡೆದೆ. ಅವತ್ತಿನಿಂದ ಮಾತಿಲ್ಲ.

ಅಮ್ಮನ ತಿಥಿಯ ದಿನ ಒಬ್ಬ ಪುಣ್ಯಾತ್ಮ ಎದ್ದು ನಿಂತು, ಹೆತ್ತ ತಾಯಿಗಿಂತ ಊರೇ ದೊಡ್ಡದು ಎಂದ ಮಹಾನುಭಾವ ನಮ್ಮ ಮುನಿರಾಜ್ ಎಂದು ಭಾಷಣ ಬಿಗಿದ. ಎಲ್ಲರೂ ತಲೆದೂಗಿದರು. ನನಗೆ ಮೈ ಉರಿದುಹೋಯಿತು. ತಾಯಿ ನನ್ನವಳು, ನಷ್ಟ ನನ್ನದು, ಹೊಗಳಿಕೆಯ ಊಟ ಇವರಿಗೆ. ಈಗ ಅದಕ್ಕೇ ಶಾಲು, ಹಾರ, ಸ್ಮರಣ ಸಂಚಿಕೆ.

ಹೋದ ವಾರ ಅಣ್ಣನ ಹಳೆಯ ಫೋಟೋ ಬೇಕೆಂಬ ನೆಪದಲ್ಲಿ ಊರಿಗೆ ಹೋದೆ. ನಿಜ ಹೇಳಬೇಕೆಂದರೆ ಜಗಳಕ್ಕೇ ಹೋದೆ. ಕಾಫಿ ಕೊಡುತ್ತಾ ಅತ್ತಿಗೆ, ಇಷ್ಟು ವರ್ಷ ಮುಚ್ಚಿಟ್ಟಿದ್ದ ಒಂದು ಸಂಗತಿ ಹೇಳಿದಳು. ಅವತ್ತು ಕುಪ್ಪುಸ್ವಾಮಿಯ ಹೆಂಡತಿ ತಾನೇ ಮನೆತನಕ ಬಂದು, ನಿಮ್ಮ ತಾಯಿಗೆ ಪೆಟ್ಟಿಗೆ ತಗೊಳ್ಳಿ ಎಂದಿದ್ದಳಂತೆ. ಅಣ್ಣ ಬೇಡವೆಂದು ಅವಳನ್ನು ವಾಪಸು ಕಳಿಸಿದನಂತೆ. ಕಾಫಿ ಲೋಟ ಅಲ್ಲೇ ಕುಕ್ಕಿ ಅಂಗಡಿಗೆ ನಡೆದೆ.

ಅವನು ಒಬ್ಬನೇ ಇದ್ದ. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಕುರ್ಚಿ ಒರೆಸುತ್ತಿದ್ದ. ಮುದುಕನಾಗಿದ್ದಾನೆ. ಅದಕ್ಕೂ ಸಿಟ್ಟು ಬಂತು.

"ಅವಳೇ ಬಂದು ಕೊಡ್ತೀನಿ ಅಂದ್ಲಂತೆ. ತಗೊಳಕ್ಕೇನಾಗಿತ್ತು ನಿಂಗೆ?"

"ಅಳ್ತಾ ಕೊಡ್ತಾ ಇದ್ಲು ವನೀ. ಮಗಳ್ನ ಕೇಳಿರಲಿಲ್ಲ ಅವಳು."

"ನನ್ನ ಕೇಳಿದ್ಯಾ ನೀನು?"

ಅವನು ಒರೆಸುವ ಬಟ್ಟೆಯನ್ನು ಮಡಿಸಿದ, ಮತ್ತೆ ಬಿಚ್ಚಿದ. "ಇಲ್ಲ. ಕೇಳಿದ್ರೆ ನೀನು ಎತ್ಕೊಂಬಾ ಅಂತಿದ್ದೆ. ನೀನು ಅಂದ್ರೆ ನಾನು ಓಗಿ ಎತ್ಕೊಂಡು ಬತ್ತಿದ್ದೆ. ಅದಕ್ಕೇ ಕೇಳಲಿಲ್ಲ."

ಬಾಯಿಗೆ ಬಂದ ಹಾಗೆ ಬೈದೆ. ನಿನ್ನ ನೇಮಕ್ಕೆ ಬೆಂಕಿ ಹಾಕ ಎಂದೆ. ಅಮ್ಮ ಅಪ್ಪನ ಮುಖ ನೋಡಲಿಲ್ಲವೆಂದು ಊರಿಗೆಲ್ಲ ಮುಖ ತೋರಿಸಿದೆ, ನನಗೊಬ್ಬಳಿಗೆ ತೋರಿಸಲಿಲ್ಲ ಎಂದೆ. ಅವನ ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಏಳು ವರ್ಷ ಕೂಡಿಟ್ಟಿದ್ದು ಅರ್ಧ ಗಂಟೆಗೂ ಸಾಲಲಿಲ್ಲ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಊರಿಗಾಂನಲ್ಲಿ ಯಾರೋ ಹೋಗಿದ್ದರು. ಕೆಲಸದವನು ರಜೆ, ಇವನ ಸೊಂಟ ಬಗ್ಗುವುದಿಲ್ಲ. ಆದರೂ ಪೆಟ್ಟಿಗೆಯ ಒಂದು ತುದಿಯನ್ನು ಒಬ್ಬನೇ ಹಿಡಿದು ವ್ಯಾನಿನ ಕಡೆ ಎಳೆಯತೊಡಗಿದ. ಗಾಜು ಕಟಕಟ ಎನ್ನುತ್ತಿತ್ತು. ಆ ಪೆಟ್ಟಿಗೆಯನ್ನು ಕಲ್ಲು ಎತ್ತಿಹಾಕಿ ಒಡೆಯಬೇಕೆಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

"ಯಾರು ಬರ್ಬೇಕಂತೆ?" ಎಂದೆ.

"ತಂಗಿ. ಒಡಹುಟ್ಟಿದ ತಂಗಿಯಂತೆ, ಸೂರತ್ತಿಂದ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ತುದಿ ಹಿಡಿದೆ. ಕೋಪ ಇಳಿದಿರಲಿಲ್ಲ, ಇದನ್ನು ಬರೆಯುವಾಗಲೂ ಇಳಿದಿಲ್ಲ, ಸುಧಾಕರ್ ಅವರು ಅದನ್ನೂ ಅಚ್ಚು ಹಾಕಲಿ. ಮೋಟಾರು ನನ್ನ ಕಡೆಗಿತ್ತು. ಭಾರವೆಲ್ಲ ನನ್ನ ಕಡೆಗೇ ಇಟ್ಟಿದ್ದೀಯ ಎಂದು ವ್ಯಾನು ಹತ್ತಿಸುವವರೆಗೂ ಅವನನ್ನು ಬೈಯುತ್ತಲೇ ಇದ್ದೆ.